ಹೊಡೆಯುವ ಮೊದಲು ಒಂದು ದಾರ ಕಟ್ಟಿ

ವಾಟ್ಸಾಪಿನಲ್ಲಿ ನನಗೆ ಬರುವ ಗಿಡದ ಫೋಟೊಗಳಲ್ಲಿ ಹೆಚ್ಚಿನವು ಒಂದೇ ನಮೂನೆ. ಮೇಲಿನಿಂದ ತೆಗೆದ ಒಂದು ಕೆಟ್ಟ ಎಲೆ, ಅದರ ಕೆಳಗೆ ‘ಏನ್ ಹೊಡೀಲಿ ಸರ್?’ ಏನಾಗಿದೆ ಎಂದು ಕೇಳುವವರು ಅಪರೂಪ. ಪುಣೆಯಲ್ಲಿ ಬಾಲ್ಕನಿ, ಟೆರೇಸು ತೋಟಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದು ಕೋಥ್ರೂಡ್, ಧಾಯರಿ, ಹಡಪ್ಸರಗಳಲ್ಲಿ ನೆಲೆಸಿದ ನಮ್ಮ ಜನಕ್ಕೆ ಒಂದು ತುಳಸಿ, ಒಂದು ದಾಸವಾಳ, ಒಂದು ಕರಿಬೇವು ಇಲ್ಲದೆ ಮನೆ ಮನೆ ಅನ್ನಿಸುವುದಿಲ್ಲ. ಆ ಪ್ರೀತಿಯೇ ಕೇಡು. ಎಲೆ ಚೂರು ಮುದುಡಿದರೆ ಸಾಕು, ಔಷಧಿ ಬಾಟಲಿ ಕೈಗೆ ಬಂದಿರುತ್ತದೆ.

ಗಿಡದ ಹೇನು, ಬಿಳಿನೊಣ, ಹಿಟ್ಟು ತಿಗಣೆ ನೋಡಲು ಹೇಗಿರುತ್ತವೆ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಅದನ್ನು ಯಾವ ನರ್ಸರಿಯವರಾದರೂ ತೋರಿಸುತ್ತಾರೆ. ನಾನು ಹೇಳಿ ಹೇಳಿ ಸೋತಿರುವುದು ಬೇರೆ ಮಾತು: ಕೆಟ್ಟ ಎಲೆ ರಿಪೇರಿ ಆಗುವುದಿಲ್ಲ. ಹುಳು ರಸ ಹೀರಿ ಎಲೆ ಮುದುಡಿತೆಂದರೆ, ಹುಳು ಸತ್ತ ಮೇಲೂ ಆ ಎಲೆ ಮುದುಡಿಯೇ ಇರುತ್ತದೆ. ತೂತು ಬಿದ್ದ ಎಲೆ ತೂತಾಗಿಯೇ ಉದುರುತ್ತದೆ. ಮುಖದ ಮೇಲೆ ಅಮ್ಮ ಎದ್ದ ಕಲೆ ಉಳಿಯಿತೆಂದು ಯಾರೂ ವರ್ಷಗಟ್ಟಲೆ ಜ್ವರದ ಮಾತ್ರೆ ನುಂಗುವುದಿಲ್ಲ. ಗಿಡದ ವಿಷಯದಲ್ಲಿ ಮಾತ್ರ ನಾವು ಅದನ್ನೇ ಮಾಡುತ್ತೇವೆ. ‘ನಾಕ್ ಸಲ ಹೊಡದೇನ್ರೀ, ಎಲಿ ಹಂಗ ಅದಾವ್’ ಅನ್ನುತ್ತಾರೆ. ಹಾಗೇ ಇರುತ್ತವೆ. ನಲವತ್ತು ಸಲ ಹೊಡೆದರೂ ಹಾಗೇ ಇರುತ್ತವೆ. ಔಷಧಿ ಫಲಿಸಿತೋ ಇಲ್ಲವೋ ಎಂಬುದನ್ನು ಹಳೇ ಎಲೆ ಹೇಳಲಾರದು, ಹೊಸ ಎಲೆಯನ್ನೇ ಕೇಳಬೇಕು.

ಅದಕ್ಕೇ ದಾರ. ಕೆಂಪು ಉಲ್ಲನ್ ಎಳೆಯಾದರೆ ಒಳ್ಳೆಯದು, ಹಸಿರಾದರೆ ಎಲೆಗಳ ನಡುವೆ ಕಳೆದುಹೋಗುತ್ತದೆ. ಎರಡು ಮೂರು ಟೊಂಗೆ ಆರಿಸಿ, ಪ್ರತಿಯೊಂದರ ತುದಿಯ ಚಿಗುರಿನ ಕೆಳಗೆ ಸಡಿಲವಾಗಿ ಗಂಟು ಹಾಕಿ, ತಾರೀಖು ಬರೆದಿಡಿ. ದಾರದ ಕೆಳಗಿನದು ಹಳೇ ಕಥೆ. ದಾರದ ಮೇಲೆ ಬರುವುದೆಲ್ಲ ಇನ್ನು ಮುಂದಿನದು. ವಾರಕ್ಕೊಮ್ಮೆ, ಸಾಧ್ಯವಾದರೆ ಅದೇ ದಿನ, ಆ ಹೊಸ ಎಲೆಗಳನ್ನು ಮಗುಚಿ ಅಡಿಭಾಗ ನೋಡಿ. ಅಡಿಭಾಗ ಎಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ರಸ ಹೀರುವ ಕೀಟಗಳಲ್ಲಿ ಬಹುಪಾಲು ಅಲ್ಲೇ ಸಂಸಾರ ಹೂಡಿರುತ್ತವೆ, ಮತ್ತು ನೀವು ಕಳಿಸುವ ಫೋಟೊದಲ್ಲಿ ಅದೊಂದೇ ಇರುವುದಿಲ್ಲ. ಹೊಸ ಎಲೆ ನಯವಾಗಿ, ಅಗಲವಾಗಿ ಬಂತೋ, ಏನೂ ಹೊಡೆಯಬೇಡಿ. ಕೆಳಗಿನ ಎಲೆ ಎಷ್ಟೇ ವಿಕಾರವಾಗಿರಲಿ.

ಧಾಯರಿಯಲ್ಲಿ ಬಾಗಲಕೋಟೆ ಕಡೆಯ ಕಾಕಾ ಒಬ್ಬರಿದ್ದಾರೆ, ನಿವೃತ್ತ ಬ್ಯಾಂಕ್ ಅಧಿಕಾರಿ. ಟೆರೇಸಿನ ಮೇಲೆ ದೊಡ್ಡ ಡ್ರಮ್ಮಿನಲ್ಲಿ ನಿಂಬೆ. ಲೆಡ್ಜರ್ ಬರೆದ ಕೈ, ಗಿಡಕ್ಕೂ ಒಂದು ಡೈರಿ ಇಟ್ಟಿದ್ದರು. ತಾರೀಖು, ಔಷಧಿಯ ಹೆಸರು, ಎಷ್ಟು ಎಂಎಲ್, ಅಂಗಡಿಯ ಬಿಲ್ಲು ಸಮೇತ. ಓದುತ್ತ ಹೋದರೆ ಏನು ಹೊಡೆದೆ ಎಂಬುದೆಲ್ಲ ಇದೆ, ಏನು ಕಂಡೆ ಎಂಬ ಒಂದು ಸಾಲೂ ಇಲ್ಲ. ‘ಕಾಕಾ, ಹುಳ ನೋಡೀರೇನು?’ ಅಂದೆ. ‘ಹುಳ ಯಾಕ ನೋಡ್ಬೇಕೋ ತಮ್ಮಾ, ಎಲಿ ಮ್ಯಾಲ ರಂಗೋಲಿ ಕಾಣಸ್ತದಲಾ!’

ಅವರು ಹೇಳಿದ್ದು ರಂಗೋಲಿ ಹುಳು. ನನ್ನ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರಿಲ್ಲ. ಈ ಹುಳುವಿನ ಮರಿಯು ಎಲೆಯ ಎರಡು ಪದರಗಳ ನಡುವೆ ತಿನ್ನುತ್ತ ಸಾಗುತ್ತದೆ. ತಾನು ಬೆಳೆದಂತೆ ಸುರಂಗವೂ ಅಗಲವಾಗುತ್ತದೆ. ರಂಗೋಲಿ ಪೂರ್ತಿಯಾಗಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಹುಳು ಎಷ್ಟೋ ಸಲ ಅಲ್ಲಿರುವುದೇ ಇಲ್ಲ. ಟೊಮೆಟೊ, ಬೀನ್ಸ್, ಚೆಂಡುಹೂವಿನ ರಂಗೋಲಿ ಒಂದು ಪುಟ್ಟ ನೊಣದ ಕೆಲಸ, ಅದರ ಮರಿ ಎಲೆ ಸೀಳಿಕೊಂಡು ಸಾಮಾನ್ಯವಾಗಿ ಮಣ್ಣಿಗಿಳಿದು ಕೋಶವಾಗುತ್ತದೆ. ನಿಂಬೆಯದು ಬೇರೆಯೇ, ಅದು ಪತಂಗ. ಎಲೆಯಂಚನ್ನು ಮಡಚಿ ಅದರೊಳಗೇ ಕೋಶ ಕಟ್ಟುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದು ಸುರಂಗದ ಅಗಲ ತುದಿಯನ್ನು ನೋಡಿ. ಮರಿ ಅಲ್ಲಿದ್ದರೆ ಎರಡು ಬೆರಳಲ್ಲಿ ಹೊಸಕಿದರೆ ಮುಗಿಯಿತು. ಇರದಿದ್ದರೆ ನೀವು ಔಷಧಿ ಹೊಡೆಯುತ್ತಿರುವುದು ಖಾಲಿ ಮನೆಗೆ. ನಿಂಬೆಯಲ್ಲಿ ಈ ಕೀಟಕ್ಕೆ ಬೇಕಾದದ್ದು ಎಳೆ ಎಲೆ, ಬಲಿತದ್ದರ ತಂಟೆಗೆ ಅದು ಬರುವುದಿಲ್ಲ. ಹಾಗಿದ್ದರೂ ಕಾಕಾ ಬಲಿತ ಎಲೆಗಳನ್ನು ತೋಯಿಸುತ್ತಲೇ ಇದ್ದರು.

ಕಂಡ ಹುಳುವೂ ಜೀವಂತ ಇರಬೇಕೆಂದಿಲ್ಲ. ಹೇನು ಪೊರೆ ಕಳಚುತ್ತ ಬೆಳೆಯುತ್ತದೆ. ಆ ಬಿಳಿ ಪೊರೆಗಳು ಎಲೆಗೆ ಅಂಟಿಕೊಂಡಿರುತ್ತವೆ, ಅವನ್ನೇ ಬಿಳಿನೊಣ ಅಂದುಕೊಳ್ಳುವವರು ಬಹಳ. ಹೇನುಗಳ ನಡುವೆ ಕಂದು ಬಣ್ಣಕ್ಕೆ ತಿರುಗಿ ಗುಂಡಗೆ ಉಬ್ಬಿದವು ಕಂಡರಂತೂ ಸಂತೋಷಪಡಿ: ಒಂದು ಸಣ್ಣ ಕಣಜ ಅವುಗಳೊಳಗೆ ಮೊಟ್ಟೆಯಿಟ್ಟಿದೆ, ಕೆಲಸ ಶುರುವಾಗಿದೆ. ಇಂಥ ಕಣಜಗಳನ್ನು ಹಗುರವಾಗಿ ನೋಡಬೇಡಿ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪಾಯಿ ಹಿಟ್ಟು ತಿಗಣೆ ಮಹಾರಾಷ್ಟ್ರದವರೆಗೂ ಹಬ್ಬಿ ರೈತರನ್ನು ಕಂಗೆಡಿಸಿತ್ತು. 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ಸಂಶೋಧನಾ ಸಂಸ್ಥೆ ಪೋರ್ಟೊ ರಿಕೊದಿಂದ ಪರಾವಲಂಬಿ ಕಣಜಗಳನ್ನು ತರಿಸಿ ಬಿಡುಗಡೆ ಮಾಡಿದ ಮೇಲೆಯೇ ಅದು ಹತೋಟಿಗೆ ಬಂದದ್ದು.

ಕೋಥ್ರೂಡಿನ ವೈನಿಯೊಬ್ಬರು ದಾಸವಾಳದ ಮೇಲಿನ ಬಿಳಿ ಹುಳುಗಳನ್ನು ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ ತೆಗೆಯುತ್ತಿದ್ದರು. ಅಭ್ಯಾಸ ಒಳ್ಳೆಯದೇ. ಆದರೆ ಅವರು ಕಷ್ಟಪಟ್ಟು ಹುಡುಕಿ ತೆಗೆದ ‘ದೊಡ್ಡ ಹಿಟ್ಟು ತಿಗಣೆ’ಗಳು ಗುಲಗಂಜಿ ಹುಳುವಿನ ಒಂದು ಜಾತಿಯ ಮರಿಗಳಾಗಿದ್ದವು. ಹಿಟ್ಟು ತಿಗಣೆಯೇ ಅವುಗಳ ಊಟ, ವೇಷವೂ ಅದರದ್ದೇ, ಮೈತುಂಬ ಬಿಳಿ ಮೇಣದ ಎಳೆಗಳು. ಕಡ್ಡಿಯಿಂದ ಮುಟ್ಟಿದರೆ ಗುಟ್ಟು ಬಯಲು. ತಿಗಣೆ ಮಿಸುಕುವುದೇ ಕಷ್ಟ. ಗುಲಗಂಜಿ ಮರಿ ಸರಸರನೆ ಓಡುತ್ತದೆ. ‘ಅಯ್ಯ, ಪಾಪ! ಮೊದಲ ಹೇಳಬಾರ್ದೇನ್ರೀ?’ ಎಂದು ನನ್ನನ್ನೇ ಬೈದರು, ಚಹಾ ಕೊಟ್ಟು.

ಫೆಬ್ರವರಿ ಕಳೆದು ಪುಣೆಯ ಗಾಳಿ ಒಣಗತೊಡಗಿದರೆ ಗುಲಾಬಿಗೆ ಮೈಟ್ ನುಸಿ ಬರುತ್ತದೆ. ಎಲೆಯ ಮೇಲೆ ಸಣ್ಣ ಹಳದಿ ಚುಕ್ಕೆ, ಹೆಚ್ಚಾದರೆ ಬಲೆ. ಬಿಳಿ ಕಾಗದ ಹಿಡಿದು ಅದರ ಮೇಲೆ ಟೊಂಗೆ ತಟ್ಟಿ. ಉದುರಿದ ಧೂಳಿನ ಕಣಗಳು ನಡೆಯತೊಡಗಿದರೆ ಅದು ನುಸಿ. ಇದು ಕೀಟವಲ್ಲ, ಜೇಡನ ಬಳಗ. ಹುಳುವಿಗೆಂದು ಮಾರುವ ಎಷ್ಟೋ ಔಷಧಿ ಇದಕ್ಕೆ ನಾಟುವುದಿಲ್ಲ, ಇದನ್ನು ತಿನ್ನುವ ಜೀವಿಗಳನ್ನು ಮಾತ್ರ ಕೊಂದು ನುಸಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಎರಡು ಮೂರು ದಿನಕ್ಕೊಮ್ಮೆ ಎಲೆಯ ಅಡಿಗೆ ಜೋರಾಗಿ ನೀರು ಬಿಡುವುದೇ ಮೊದಲ ಮದ್ದು. ಇಲ್ಲೂ ಚುಕ್ಕೆಗಳು ಹೋಗುವುದಿಲ್ಲ, ಮತ್ತೆ ಅದೇ ಮಾತು.

ತುಳಸಿಯ ಬಗ್ಗೆ ಒಂದು ಎಚ್ಚರಿಕೆ. ಎಲೆ ಮುದುಡಿ, ಅಡಿಯಲ್ಲಿ ಕಪ್ಪು ಹಿಕ್ಕೆಯ ಚುಕ್ಕಿಗಳಿದ್ದರೆ ಜಾಲರಿ ರೆಕ್ಕೆಯ ಒಂದು ಪುಟ್ಟ ತಿಗಣೆ ಸೇರಿಕೊಂಡಿರುವ ಸಾಧ್ಯತೆ ಹೆಚ್ಚು. ಕೆಟ್ಟ ಟೊಂಗೆ ಕತ್ತರಿಸಿ, ನೀರು ಹೊಡೆದು, ಹೊಸ ಚಿಗುರಿಗೆ ದಾರ ಕಟ್ಟಿ. ಬೆಳಿಗ್ಗೆ ತೀರ್ಥಕ್ಕೆ ಬೀಳುವ ದಳಕ್ಕೆ ಹೊಲದ ಕೀಟನಾಶಕ ಹೊಡೆಯುವವರನ್ನು ನೋಡಿದ್ದೇನೆ, ಅದೂ ಗಿಡದೊಳಗೆ ಹರಿದು ಉಳಿಯುವಂಥದ್ದು. ಕರಿಬೇವಿಗೂ ಇದೇ ಮಾತು.

ದಾರದ ಮೇಲಿನ ಚಿಗುರಿನಲ್ಲಿ ಎರಡು ವಾರ ಸತತವಾಗಿ ಜೀವಂತ ಹುಳು ಹೆಚ್ಚುತ್ತಿದ್ದರೆ, ನೀರಿಗೂ ಕತ್ತರಿಗೂ ಬಗ್ಗದಿದ್ದರೆ, ಆಗ ಬೇವಿನೆಣ್ಣೆ. ಲೀಟರಿಗೆ ಸುಮಾರು 5 ಎಂಎಲ್, ಬೆರೆಯಲು ನಾಲ್ಕು ಹನಿ ದ್ರವ ಸೋಪು, ಸಂಜೆ ಹೊತ್ತು. ಮೊದಲು ಒಂದೆರಡು ಎಲೆಗೆ ಹಾಕಿ ಎರಡು ದಿನ ಕಾಯಿರಿ, ಕೆಲವು ಗಿಡಗಳಿಗೆ ಅದೂ ಸುಡುತ್ತದೆ. ಮೊಟ್ಟೆಗಳು ಉಳಿಯುವುದರಿಂದ ವಾರದೊಳಗೆ ಮತ್ತೊಮ್ಮೆ ಬೇಕಾಗಬಹುದು. ಬಾಟಲಿಯ ಮೇಲೆ ಬರೆದದ್ದು ಬೇರೆಯಿದ್ದರೆ ನನ್ನ ಮಾತು ಬಿಟ್ಟು ಅದನ್ನೇ ಕೇಳಿ.

ಒಂದು ಸಂದರ್ಭದಲ್ಲಿ ಮಾತ್ರ ದಾರ ಕೆಟ್ಟ ಸುದ್ದಿ ಹೇಳುತ್ತದೆ. ಮೆಣಸಿನಗಿಡದಲ್ಲಿ ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡಿದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ, ಕೆಳಮುಖವಾಗಿ ಮುದುಡಿದರೆ ಮೈಟ್ ನುಸಿ. ಈ ಮೈಟ್ ಬರಿಗಣ್ಣಿಗೆ ಸಿಗದಷ್ಟು ಸಣ್ಣದು, ಭೂತಗನ್ನಡಿ ಬೇಕು. ಭೂತಗನ್ನಡಿಯಲ್ಲೂ ಏನೂ ಕಾಣದೆ, ವಾರ ವಾರವೂ ಬರುವ ಚಿಗುರೆಲ್ಲ ಮುದುಡಿ ಗಿಡ ಕುಳ್ಳಾಗುತ್ತಿದ್ದರೆ ಅದು ಬಿಳಿನೊಣ ತಂದ ನಂಜಾಣು (ವೈರಸ್) ಇರಬಹುದು. ಅದಕ್ಕೆ ಔಷಧಿಯಿಲ್ಲ. ಪಕ್ಕದ ಕುಂಡಗಳಿಗೆ ಹಬ್ಬುವ ಮೊದಲು ಗಿಡ ಕಿತ್ತು ಚೀಲಕ್ಕೆ ಹಾಕಿ ಎಸೆಯಿರಿ. ಧಾಯರಿಯ ಕಾಕಾ ಮೆಣಸಿನಗಿಡ ಕೀಳಲು ಒಂದು ತಿಂಗಳು ಒಪ್ಪಲಿಲ್ಲ. ಈಗ ಅವರ ಡೈರಿಯಲ್ಲಿ ‘ಕಂಡದ್ದು’ ಎಂಬ ಹೊಸ ಕಾಲಂ ಇದೆ, ಔಷಧಿಯ ಕಾಲಂ ಕೂಡ ಹಾಗೇ ಇದೆ.