ಮೇಜರ್ ಪೂರ್ ಅವರ ಎರಡು ತಿಂಗಳು

ಸ್ಕೋರರ್ ಟೇಬಲ್ಲಿಗೆ ಬಂದು ಜನ ಜಾಸ್ತಿ ಕೇಳುವುದು ಇದನ್ನೇ. ‘ಸಾರ್, ಇವನ ಆವರೇಜ್ ನಿಜದ್ದಾ, ಇಲ್ಲಾ ನಾಟೌಟ್‌ನಿಂದ ಉಬ್ಬಿದ್ದಾ?’ ಆವರೇಜ್ ಅಂದರೆ ಒಟ್ಟು ರನ್ನನ್ನು ಔಟಾದ ಸಲಗಳಿಂದ ಭಾಗಿಸಿದ್ದು, ನಾಟೌಟ್ ಆದ ಇನಿಂಗ್ಸ್ ಭಾಗಿಸುವಾಗ ಲೆಕ್ಕಕ್ಕಿಲ್ಲ. ಆಗ ನಾನು ಮೇಜರ್ ರಾಬರ್ಟ್ ಪೂರ್ ಅವರ ಲೆಕ್ಕ ತೆಗೆಯುತ್ತೇನೆ.

ಪೂರ್ ಬ್ರಿಟಿಷ್ ಕುದುರೆ ಪಡೆಯ ಅಧಿಕಾರಿ. 1899ರ ಬೇಸಿಗೆಯಲ್ಲಿ, ಜೂನ್ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಇಂಗ್ಲೆಂಡಿನ ಪ್ರಥಮ ದರ್ಜೆ ಪಂದ್ಯಗಳಲ್ಲಿ ಅವರು ಹೊಡೆದದ್ದು 1551 ರನ್. 21 ಇನಿಂಗ್ಸ್, ಏಳು ಶತಕ, ನಾಲ್ಕು ನಾಟೌಟ್. ಔಟಾದದ್ದು 17 ಸಲ, ಅದರಿಂದ ಭಾಗಿಸಿದರೆ 91.23. ನಾಟೌಟ್ ಬೇಡ ಅಂತ ಹಟ ಮಾಡಿ 21ರಿಂದಲೇ ಭಾಗಿಸಿ, ಆಗಲೂ 73.86 ಬರುತ್ತದೆ. ಉಬ್ಬಿದ್ದು ಅನ್ನೋಕೆ ನನಗಂತೂ ಬಾಯಿ ಬರುವುದಿಲ್ಲ. ಆ 91.23 ಅನ್ನು ಇಂಗ್ಲೆಂಡ್ ಸೀಸನ್ನಿನಲ್ಲಿ ದಾಟಲು 1930ರಲ್ಲಿ ಬ್ರಾಡ್ಮನ್ನೇ ಬರಬೇಕಾಯಿತು, 98.66.

ಆ ಜುಲೈನಲ್ಲಿ ಟಾಂಟನ್‌ನಲ್ಲಿ ಹ್ಯಾಂಪ್‌ಶೈರ್ ಕೌಂಟಿ ತಂಡದ ಪರ ಸಾಮರ್‌ಸೆಟ್ ವಿರುದ್ಧ ಪೂರ್ 304. ಆರನೇ ವಿಕೆಟ್‌ಗೆ ಜೊತೆಗಿದ್ದವರು ಕ್ಯಾಪ್ಟನ್ ವಿನ್ಯಾರ್ಡ್, 225. ಅವರೂ ಸೇನೆಯವರೇ. ಜೊತೆಯಾಟ 411. ನಾನು ಅಲ್ಲಿ ಕೂತಿದ್ದರೆ ಬೌಲಿಂಗ್ ಕಾಲಂನಲ್ಲಿ ಜಾಗ ಸಾಲದೆ ಪಕ್ಕಕ್ಕೆ ಕಾಗದ ಅಂಟಿಸುತ್ತಿದ್ದೆ. ಆ ಕಾಲದ ಕಾರ್ಡಿನಲ್ಲಿ ಹೆಸರಿನ ಹಿಂದೆ ಹುದ್ದೆಯನ್ನೂ ಬರೆಯುತ್ತಿದ್ದರು. ಸಂಬಳಕ್ಕೆ ಆಡುವ ವೃತ್ತಿಪರನಿಗೆ ಮಾತ್ರ ಬರೀ ಹೆಸರು.

ಇಷ್ಟು ಆಡಿದವರು ಮುಂದೆ ಏಕೆ ಆಡಲಿಲ್ಲ? ರಜೆ. ಸೈನಿಕನ ಕ್ರಿಕೆಟ್ ನಡೆಯುವುದು ರೆಜಿಮೆಂಟು ಬಿಟ್ಟಷ್ಟು ದಿನ ಮಾತ್ರ. ಪೂರ್ ಮೊದಲು ಭಾರತದಲ್ಲಿದ್ದರು, ಬಾಂಬೆ ಗವರ್ನರ್ ಲಾರ್ಡ್ ಹ್ಯಾರಿಸ್ ಅವರ ಎಡಿಸಿಯಾಗಿ, ಅಂದರೆ ಆಪ್ತ ಸೇನಾ ಸಹಾಯಕರಾಗಿ. ಆಮೇಲೆ ದಕ್ಷಿಣ ಆಫ್ರಿಕಾ. ಅಲ್ಲಿ 1895-96ರಲ್ಲಿ ಆ ದೇಶದ ಪರ, ಅದೂ ಇಂಗ್ಲೆಂಡ್ ವಿರುದ್ಧವೇ, ಮೂರು ಟೆಸ್ಟ್ ಆಡಿದರು. ಆರು ಇನಿಂಗ್ಸ್‌ನಲ್ಲಿ 76 ರನ್. 1899ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಡಚ್ ಮೂಲದ ಬೋಯರರಿಗೂ ಬೋಯರ್ ಯುದ್ಧ ಶುರುವಾಯಿತು, ಬ್ಯಾಟು ಇಟ್ಟು ಹೊರಟರು. ವಾಪಸು ಬಂದ ಮೇಲೆ 1906ರವರೆಗೆ ಹ್ಯಾಂಪ್‌ಶೈರ್‌ಗೆ ಆಡಿದ್ದು ಆಗೊಮ್ಮೆ ಈಗೊಮ್ಮೆ.

ಅವರ ಇಡೀ ಪ್ರಥಮ ದರ್ಜೆ ಲೆಕ್ಕ ಒಟ್ಟು 55 ಪಂದ್ಯ, 3441 ರನ್, ಸರಾಸರಿ 38.66. ಸುಮ್ನೆ ಒಂದು ದಿನ ಆ ಬೇಸಿಗೆಯನ್ನು ಕಳೆದು ನೋಡಿದೆ. ಉಳಿದದ್ದು 1890 ರನ್, 72 ಔಟ್. ಸರಾಸರಿ 26.25.