ಎಲುಬಿನ ಫ್ಲೋರೈಡ್ ಕಾಣಂಗಿಲ್ಲ, ಅದೇ ಇಲ್ಲಿ ಅನುಕೂಲ

ಕುಷ್ಟಗಿ, ಯಲಬುರ್ಗಾ, ಲಿಂಗಸೂಗೂರು ಕಡಿಂದ ಬರೋರು ಬೋರ್‌ವೆಲ್ ನೀರಿನ ರಿಪೋರ್ಟ್ ಕೈಯಾಗ ಹಿಡ್ಕೊಂಡೇ ಕೇಳ್ತಾರ, "ಸರ್ರ, ಎಂಆರ್‌ಐ ಮಾಡಿಸಿದ್ರ ಎಲುಬಿನಾಗ ಎಷ್ಟು ಫ್ಲೋರೈಡ್ ಕುಂತದ ಅಂತ ಗೊತ್ತಾಗ್ತದನ್ರಿ?" ಗೊತ್ತಾಗಂಗಿಲ್ಲ. ಫ್ಲೋರೋಸಿಸ್‌ಗೆ (ಫ್ಲೋರೈಡ್ ಹೆಚ್ಚಾಗಿ ಎಲುಬು, ಹಲ್ಲು ಕೆಡೋ ರೋಗ) ಮೊದಲು ಬೇಕಾಗೋದು ಎಕ್ಸ್‌ರೇ, ಮುಂಗೈಯ ಎರಡು ಎಲುಬಿನ ನಡುವಿನ ಪೊರೆ ಗಟ್ಟಿಯಾಗಿರೋದು, ಬೆನ್ನೆಲುಬು ಅತಿ ಬೆಳ್ಳಗ ಕಾಣೋದು ಅದರಾಗೇ ತಿಳೀತದ. ಬೆನ್ನುಹುರಿ ಮ್ಯಾಲೆ ಒತ್ತಡ ಬಿದ್ದದ ಅನ್ನೋ ಅನುಮಾನ ಬಂದಾಗ ಎಂಆರ್‌ಐ.

ಆದ್ರ ಫ್ಲೋರಿನ್ ಎಂಆರ್‌ಐ ಅಂತ ಒಂದು ಬ್ಯಾರೆನೇ ಅದ, 1977ರಿಂದ ಇರೋ ವಿದ್ಯೆ. ಸಾದಾ ಎಂಆರ್‌ಐ ಹೈಡ್ರೋಜನ್‌ದ, ಅಂದ್ರ ಪ್ರೋಟಾನ್‌ದ ಸಿಗ್ನಲ್ ಕೇಳಿದ್ರ ಅದು ಫ್ಲೋರಿನ್‌ದು ಕೇಳ್ತದ. ಅದು ನಡೆಯೋದು ಈ ಕಾಣದೇ ಇರೋ ಗುಣದ ಮ್ಯಾಲೇ. ಎಲುಬು, ಹಲ್ಲಿನಾಗ ಇರೋ ಫ್ಲೋರೈಡ್ ಗಟ್ಟಿ ಖನಿಜದಾಗ ಸಿಕ್ಕೊಂಡದ, ಅದರ ಸಿಗ್ನಲ್ ನಾವು ಕೇಳೋಕೆ ಮುಂಚೆನೇ ಸತ್ತೋಗ್ತದ. ಹಂಗಾಗಿ ಮೈಯಾಗ ಹಿನ್ನೆಲೆ ಸಿಗ್ನಲ್ ಅನ್ನೋದು ಇಲ್ಲವೇ ಇಲ್ಲ ಅನ್ನಬಹುದು, ಫ್ಲೋರೋಸಿಸ್ ಇದ್ದೋರಿಗೂ ಅಷ್ಟೇ. ಪರ್‌ಫ್ಲೋರೋಕಾರ್ಬನ್ ಅನ್ನೋ ಫ್ಲೋರಿನ್ ತುಂಬಿದ ದ್ರವಾನ ಲೆಸಿಥಿನ್ ಹಾಕಿ ನ್ಯಾನೋ ಸೈಜಿನ ಹನಿ ಮಾಡಿ ರಕ್ತಕ್ಕ ಬಿಟ್ರ ಉರಿಯೂತ ಇರೋ ಕಡೆ ಮ್ಯಾಕ್ರೋಫೇಜ್ ಅನ್ನೋ ರಕ್ಷಣಾ ಕೋಶಗಳು ಅದನ್ನ ನುಂಗ್ತಾವ, ಆಮ್ಯಾಲ ಬರೋ ಸಿಗ್ನಲ್ ಎಲ್ಲಾ ನಾವು ಕೊಟ್ಟಿದ್ದರದ್ದೇ.

ತೊಂದರಿ ಏನಂದ್ರ, ನೀರಿನಾಗ ಒಂದು ಲೀಟರಿಗೆ ಸುಮಾರು 110 ಮೋಲ್ ಹೈಡ್ರೋಜನ್, ಫ್ಲೋರಿನ್ ಮಾತ್ರ ಒಂದು ಜಾಗಕ್ಕ ಮಿಲಿಮೋಲ್ ಲೆಕ್ಕದಾಗ ಮುಟ್ಟಿದ್ರ ಅದೇ ಹೆಚ್ಚು. ಇಷ್ಟು ಬಡತನ ಇರೋವಾಗ ಪ್ರೋಟಾನ್ ಸ್ಕ್ಯಾನಿನ ಚಟಕ್ಕ ಬಿದ್ದು ಒಂದು ಮಿ.ಮೀ. ರೆಸಲ್ಯೂಷನ್ ಕೇಳಿದ್ರ ಹೊಟ್ಟಿಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗಿ ಆಗ್ತದ. ಲೆಕ್ಕ ನೋಡ್ರಿ, 3 ಮಿ.ಮೀ. ಘನದ ವಾಕ್ಸೆಲ್‌ನ (ಚಿತ್ರದ ಒಂದು ಸಣ್ಣ ಘನ ತುಣುಕು) 1 ಮಿ.ಮೀ.ಗೆ ಇಳಿಸಿದ್ರ ಸಿಗ್ನಲ್ 27 ಪಟ್ಟು ಕಮ್ಮಿ, ಅದನ್ನ ಆವರೇಜಿಂಗ್ (ಮತ್ತ ಮತ್ತ ಸ್ಕ್ಯಾನ್ ಮಾಡಿ ಸರಾಸರಿ ತೆಗೆಯೋದು) ಮಾಡಿ ವಾಪಸ್ ತರಬೇಕಂದ್ರ ಟೈಮು 27ರ ವರ್ಗ, ಅಂದ್ರ 729 ಪಟ್ಟು. ಒಂದು ನಿಮಿಷದ ಸ್ಕ್ಯಾನು ಹನ್ನೆರಡು ತಾಸಿನ ಮ್ಯಾಲೆ ಹೋಗ್ತದ! ಫ್ಲೋರಿನ್‌ಗೆ ದಪ್ಪ ವಾಕ್ಸೆಲ್ ಸಾಕು, ಅಂಗಾಂಗದ ಚೆಂದದ ಚಿತ್ರ ಪ್ರೋಟಾನ್ ಸ್ಕ್ಯಾನಿನಾಗ ತಗೊಂಡು ಅದರ ಮ್ಯಾಲೆ ಕೂರಿಸಿದ್ರ ಆಯ್ತು, ನನ್ನ ಅಭಿಪ್ರಾಯದಾಗ ಇಲ್ಲೇ ಅರ್ಧ ಕೆಲಸ ಮುಗೀತದ.

ಏಜೆಂಟ್, ಅಂದ್ರ ಮೈಗೆ ಬಿಡೋ ಫ್ಲೋರಿನ್ ದ್ರವ, ಆರಿಸೋದ್ರಾಗ ಮಾತ್ರ ಪೂರಾ ಸುಖ ಎಲ್ಲೂ ಇಲ್ಲ. ಪರ್‌ಫ್ಲೋರೋಆಕ್ಟೈಲ್ ಬ್ರೋಮೈಡ್‌ನಾಗ 17 ಫ್ಲೋರಿನ್ ಅದಾವ, ದೇಹದಿಂದ ಬೇಗ ಉಸಿರಿನಾಗ ಹೊರಗ ಹೋಗ್ತದ, ಆದ್ರ ಅವು ಬ್ಯಾರೆ ಬ್ಯಾರೆ ಫ್ರೀಕ್ವೆನ್ಸಿಗೆ ಕೂಗ್ತಾವ. ಸಿಎಫ್3 ಗುಂಪಿಗೂ (ಒಂದು ಕಾರ್ಬನ್‌ಗೆ 3 ಫ್ಲೋರಿನ್) ಸಿಎಫ್2 ಗುಂಪಿಗೂ (2 ಫ್ಲೋರಿನ್) ಸುಮಾರು 40 ಪಿಪಿಎಂ (ಹತ್ತು ಲಕ್ಷದಾಗ 40 ಪಾಲು) ಅಂತರ. 3 ಟೆಸ್ಲಾದಾಗ ಅದು ಹತ್ತಿರಹತ್ತಿರ 4,800 ಹರ್ಟ್ಸ್, ಪಿಕ್ಸೆಲ್‌ಗೆ 200 ಹರ್ಟ್ಸ್ ಬ್ಯಾಂಡ್‌ವಿಡ್ತ್ ಇಟ್ಟಿದ್ರ 24 ಪಿಕ್ಸೆಲ್ ಸರಿದು ಭೂತದ ಚಿತ್ರ ಬೀಳ್ತದ. ಬ್ಯಾಂಡ್‌ವಿಡ್ತ್ ಹೆಚ್ಚಿಸಿದ್ರ ನಾಯ್ಸ್, ಸಿಎಫ್3 ಒಂದನ್ನೇ ಎಬ್ಬಿಸಿದ್ರ 17ರಾಗ 14 ಫ್ಲೋರಿನ್ ವೇಸ್ಟ್. ಪರ್‌ಫ್ಲೋರೋ-15-ಕ್ರೌನ್-5-ಈಥರ್‌ನಾಗ 20 ಫ್ಲೋರಿನ್ನೂ ಒಂದೇ ದನಿ, ಒಂದೇ ಪೀಕ್, ಪ್ರಯೋಗಾಲಯದ ಮಂದಿಗೆ ಅದಕ್ಕೇ ಇಷ್ಟ. ಅದು ಮಾತ್ರ ಲಿವರ್‌ನಾಗ ತಿಂಗಳುಗಟ್ಟಲೆ ಕುಂದರ್ತದ. ಇಲಿಗೆ ನಡೀತದ, ಮನುಷ್ಯರಿಗೆ ಅಂದ್ರ ನಾನಂತೂ ಹಿಂದೇಟು ಹಾಕ್ತೀನಿ.

ಸೀಕ್ವೆನ್ಸ್ (ಸ್ಕ್ಯಾನಿನ ಪಲ್ಸ್ ಕ್ರಮ) ವಿಷಯಕ್ಕ ಬಂದ್ರ, ಈ ದ್ರವಗಳ ಟಿ2 (ಸಿಗ್ನಲ್ ಸಾಯೋಕೆ ಹಿಡಿಯೋ ಟೈಮು) ಉದ್ದ ಇರೋದ್ರಿಂದ ಟರ್ಬೋ ಸ್ಪಿನ್ ಎಕೋ ಅನ್ನೋ ಕ್ರಮದಾಗ ಒಂದೇ ಎಬ್ಬಿಸುವಿಕೆಗೆ ಸಾಲಾಗಿ ಭಾಳ ಎಕೋ ಹಿಡೀಬಹುದು. ಟಿಆರ್ ಅನ್ನ (ಒಂದು ಎಬ್ಬಿಸುವಿಕೆಯಿಂದ ಮುಂದಿನದಕ್ಕ ಇರೋ ಅಂತರ) ಟಿ1ರ (ಎಬ್ಬಿಸಿದ ಮ್ಯಾಲೆ ವಾಪಸ್ ಸುಧಾರಿಸ್ಕೊಳ್ಳೋ ಟೈಮು) ಐದು ಪಟ್ಟು ಇಟ್ಟು ಸುಮ್ಮನ ಕಾಯೋದು ದಂಡ, 90 ಡಿಗ್ರಿ ಪಲ್ಸ್ ಆದ್ರ ಟಿ1ರ 1.26 ಪಟ್ಟಿನ ಹತ್ತಿರ ಇಟ್ರ ಅಷ್ಟೇ ಟೈಮಿನಾಗ ಹೆಚ್ಚು ಸಿಗ್ನಲ್. ಆದ್ರ ಟಿ1 ಎಲ್ಲಾ ಕಡೆ ಒಂದೇ ಇರಂಗಿಲ್ಲ, ಪರ್‌ಫ್ಲೋರೋಕಾರ್ಬನ್‌ನಾಗ ಆಕ್ಸಿಜನ್ ಚೆನ್ನಾಗಿ ಕರಗ್ತದ, ಕರಗಿದ ಹಂಗ ಟಿ1 ಕಮ್ಮಿ ಆಗ್ತದ. ಆಕ್ಸಿಜನ್ ಅಳಿಯೋರಿಗೆ ಇದೇ ಬಂಗಾರ, ಎಷ್ಟು ಫ್ಲೋರಿನ್ ಅದ ಅಂತ ಎಣಿಸೋರಿಗೆ ಇದೇ ಮೋಸ, ರಕ್ತ ಚೆನ್ನಾಗಿ ಹರಿಯೋ ಜಾಗ ಸುಮ್ಮನೇ ಹೆಚ್ಚು ಬೆಳಗ್ತದ.

ನಮ್ಮ ಕಡೆ ಸ್ಕ್ಯಾನ್ ಸೆಂಟರ್‌ನಾಗ ಇರೋ ಮಶೀನ್ ಸಾಮಾನ್ಯವಾಗಿ ಪ್ರೋಟಾನ್‌ಗಷ್ಟೇ ಕಿವಿಗೊಡ್ತದ. 1.5 ಟೆಸ್ಲಾದಾಗ ಹೈಡ್ರೋಜನ್ 63.9, ಫ್ಲೋರಿನ್ 60.1 ಮೆಗಾಹರ್ಟ್ಸ್, ಸಣ್ಣ ಅಂತರನೇ, ಆದ್ರೂ ಅದಕ್ಕ ಹೊಂದೋ ಕಾಯಿಲ್ (ಸಿಗ್ನಲ್ ಹಿಡಿಯೋ ಆಂಟೆನಾ) ಮತ್ತು ಆಂಪ್ಲಿಫೈಯರ್ ಬ್ಯಾರೆ ಬೇಕು. ಫ್ಲೋರಿನ್ ಹಾಕಿದ ಜೀವಕೋಶಗಳನ್ನ ಮನುಷ್ಯರ ಮೈಯಾಗ ನೋಡಿದ ಮೊದಲ ವರದಿ 2014ರಾಗ ಬಂತು, ದೊಡ್ಡ ಕರುಳಿನ ಕ್ಯಾನ್ಸರ್ ಇದ್ದೋರಿಗೆ ಕೊಟ್ಟ ಡೆಂಡ್ರಿಟಿಕ್ ಕೋಶಗಳು (ರಕ್ಷಣಾ ಕೋಶಗಳ ಒಂದು ಜಾತಿ) ಅವು.

ಇನ್ನ ಈ ದಾರಿಗೆ ಬರೋ ಪಿಜಿ ಹುಡುಗರಿಗೆ ಒಂದು ಮಾತು. ಚಿತ್ರದ ಅಂಚಿನಾಗ ಗೊತ್ತಿರೋ ಸಾಂದ್ರತೆಯ ಫ್ಲೋರಿನ್ ತುಂಬಿದ ಒಂದು ಟ್ಯೂಬ್ ಇಡ್ರಿ, ಅದಿಲ್ದಿದ್ರ ಬೆಳಕು ಎಷ್ಟು ಅಂತ ಹೇಳಬಹುದು, ಫ್ಲೋರಿನ್ ಎಷ್ಟು ಅಂತ ಹೇಳಾಕ ಬರಂಗಿಲ್ಲ. ಆವರೇಜ್ ಮಾಡೋದು ಕಾಂಪ್ಲೆಕ್ಸ್ ಡೇಟಾ (ಫೇಸ್ ಸಮೇತ) ಇದ್ದಾಗಲೇ, ಮ್ಯಾಗ್ನಿಟ್ಯೂಡ್ (ಬರೀ ಗಾತ್ರ) ಮಾಡಿದ ಮ್ಯಾಲಲ್ಲ, ಇಲ್ಲಂದ್ರ ಖಾಲಿ ಜಾಗದ ನಾಯ್ಸ್ ಸೊನ್ನೆಗೆ ಇಳಿಯಂಗಿಲ್ಲ. ಮತ್ತ ಇಲಿಗೆ ಐಸೋಫ್ಲೂರೇನ್ ಅರಿವಳಿಕೆ ಕೊಟ್ಟಿದ್ರ ಅದರಾಗೂ ಫ್ಲೋರಿನ್ ಅದ, ಕೊಬ್ಬಿನಾಗ ಸೇರಿ ಚಿತ್ರದಾಗ ಬರ್ತದ, ಅದನ್ನ ಉರಿಯೂತ ಅಂತ ಬರೀಬ್ಯಾಡ್ರಿ.