ಕುಂಕುಮದ ರಾಶಿ ಎಷ್ಟು ಸೆಂಟಿಮೀಟರ್ ಶಾರ್ಪ್? ಡೆಪ್ತ್ ಆಫ್ ಫೀಲ್ಡ್ ಟಿಪ್ಪಣಿ

ಲೆನ್ಸಿನ ಫೋಕಸ್ ಸರಿಯಾಗಿ ಕೂರುವುದು ಒಂದೇ ದೂರದಲ್ಲಿ. ಅದರ ಹಿಂದೆ ಮುಂದೆ ಒಂದಷ್ಟು ಜಾಗ ಕಣ್ಣಿಗೆ ಶಾರ್ಪ್ ಆಗಿಯೇ ಕಾಣುತ್ತದಲ್ಲ, ಅದೇ ಡೆಪ್ತ್ ಆಫ್ ಫೀಲ್ಡ್. ಹಿನ್ನೆಲೆ ಎಷ್ಟು ಮಸುಕಾಯಿತು ಎಂಬುದು ಬೇರೆಯೇ ಲೆಕ್ಕ, ಎರಡನ್ನೂ ಬೆರೆಸಬೇಡಿ.

ಮೈಸೂರಿನ ದೇವರಾಜ ಮಾರುಕಟ್ಟೆಯ ಕುಂಕುಮದ ರಾಶಿಗಳ ಮುಂದೆ ಇದು ಬೇಗ ಅರ್ಥವಾಗುತ್ತದೆ. ಕ್ರಾಪ್ ಸೆನ್ಸರ್ ಕ್ಯಾಮೆರಾ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನದು), 50 ಎಂಎಂ ಲೆನ್ಸ್, ಎಫ್ 1.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ರಾಶಿಯ ತುದಿ 60 ಸೆಂ.ಮೀ. ದೂರದಲ್ಲಿದ್ದರೆ ಶಾರ್ಪ್ ಸಿಗುವುದು ಸುಮಾರು 1 ಸೆಂ.ಮೀ. ತುದಿಯ ಪುಡಿ ಕಣಕಣವಾಗಿ ಕಾಣುತ್ತದೆ, ಪಕ್ಕದ ಅರಿಸಿನದ ರಾಶಿ ಬರೀ ಹಳದಿ ಮಬ್ಬು. ಎಲ್ಲರೂ ತಕ್ಷಣ ಎಫ್ 8ಕ್ಕೆ ತಿರುಗಿಸುತ್ತಾರೆ. ಆಗಲೂ ಸಿಗುವುದು ಸುಮಾರು ನಾಲ್ಕು ಸೆಂ.ಮೀ. ಅಷ್ಟೇ! ಅದೇ ಎಫ್ 8ರಲ್ಲಿ 2 ಮೀಟರ್ ದೂರಕ್ಕೆ ಸರಿದರೆ ಅರ್ಧ ಮೀಟರ್ ಸಿಗುತ್ತದೆ. ದೂರ ಎರಡರಷ್ಟಾದರೆ ಆಳ ಹೆಚ್ಚುಕಡಿಮೆ ನಾಲ್ಕರಷ್ಟು. ಆಮೇಲೆ ಮೊದಲಿನಷ್ಟೇ ದೃಶ್ಯ ಉಳಿಯುವಂತೆ ಚಿತ್ರದ ಅಂಚು ಕತ್ತರಿಸಿದರೆ (ಕ್ರಾಪ್ ಮಾಡಿದರೆ) ಈ ಲಾಭದಲ್ಲಿ ದೊಡ್ಡ ಪಾಲು ಹೋಗುತ್ತದೆ, ಪೂರ್ತಿ ಅಲ್ಲ. ಹಿಂದೆ ಸರಿಯಲು ಜಾಗವಿಲ್ಲವೇ? ಓರೆಯಾಗಿ ನಿಲ್ಲದೆ ಸಾಲಿಗೆ ನೇರ ಎದುರು ನಿಲ್ಲಿ. ಎಲ್ಲ ತುದಿಗಳೂ ಒಂದೇ ಫೋಕಸಿನೊಳಗೆ ಬರುತ್ತವೆ.

ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಕಿರಿದು ಮಾಡಿದ್ದಕ್ಕೆ ಬೆಲೆ ಇದೆ. ಎಫ್ 2ರಿಂದ ಎಫ್ 8ಕ್ಕೆ ನಾಲ್ಕು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ), ಅಂದರೆ ಬೆಳಕು ಹದಿನಾರರಲ್ಲಿ ಒಂದು ಪಾಲು. 1/250 ಸೆಕೆಂಡಿನ ಶಟರಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 400 ಸಾಕಾಗಿದ್ದ ಕಡೆ 6400 ಬೇಕು. ಶಟರನ್ನು 1/60ಕ್ಕೆ ಇಳಿಸಿದರೆ 1600 ಸಾಕು, ಆದರೆ ಪುಡಿ ತೂಗುವವರ ಕೈ ಅಲುಗಿದಂತೆ ಬರುತ್ತದೆ. ಎಫ್ 16 ದಾಟಿದರೆ, ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮೆದುವಾಗುತ್ತದೆ.

‘ಮುಂದೆ ಒಂದು ಪಾಲು, ಹಿಂದೆ ಎರಡು ಪಾಲು ಶಾರ್ಪ್’ ಎಂಬ ಸೂತ್ರವನ್ನು ನೆಚ್ಚಬೇಡಿ. ಮೇಲಿನ 2 ಮೀಟರ್ ಲೆಕ್ಕದಲ್ಲಿ ಮುಂದೆ ಸುಮಾರು 22, ಹಿಂದೆ 28 ಸೆಂ.ಮೀ. ಹತ್ತಿರ ಹೋದಷ್ಟೂ ಅದು ಸಮಸಮ.

ಚಾಮುಂಡಿ ಬೆಟ್ಟದಿಂದ ಎದುರಿನ ಬಂಡೆಯೂ ಕೆಳಗಿನ ಊರೂ ಶಾರ್ಪ್ ಬೇಕಾದರೆ 18 ಎಂಎಂ, ಎಫ್ 8, ಫೋಕಸ್ 2 ಮೀಟರಿಗೆ. 1 ಮೀಟರಿನಿಂದ ದಿಗಂತದವರೆಗೆ ಸಿಗುತ್ತದೆ. ಮೊಬೈಲಿನ ಪೋರ್ಟ್ರೇಟ್ ಮೋಡ್ ಮಾತ್ರ ಲೆನ್ಸಿನ ಕೆಲಸವಲ್ಲ, ಸಾಫ್ಟ್‌ವೇರಿನದು. ಜಡೆಗೆ ಮುಡಿದ ಮಲ್ಲಿಗೆಯ ಅಂಚನ್ನು ಅದು ಹಿನ್ನೆಲೆಯೆಂದು ತಿಳಿದು ಅಳಿಸಿಬಿಡುವುದುಂಟು.

ರಂಗನತಿಟ್ಟಿನ ದೋಣಿಯಲ್ಲಿ ಕಷ್ಟ ಬೇರೆ. 300 ಎಂಎಂ, ಎಫ್ 5.6, 15 ಮೀಟರ್ ದೂರ: ಸಿಗುವುದು ಸುಮಾರು 55 ಸೆಂ.ಮೀ. ಒಂದು ಬಣ್ಣದ ಕೊಕ್ಕರೆಗೆ ಸಾಕು, ಹಿಂದಿನ ಕೊಂಬೆಯ ಜೋಡಿಗಲ್ಲ. ಸಿಂಗಲ್ ಪಾಯಿಂಟ್ (ಒಂದೇ ಫೋಕಸ್ ಬಿಂದು) ಇಟ್ಟು ಹಕ್ಕಿಯ ಕಣ್ಣಿಗೇ ಫೋಕಸ್ ಮಾಡಿ, ಶಟರ್ 1/1000ಕ್ಕಿಂತ ನಿಧಾನ ಬೇಡ. ಹಕ್ಕಿ ಮಸುಕಾಗಿ ಬಂದರೆ ಚಿತ್ರ ಹಿಗ್ಗಿಸಿ ಎದುರಿನ ಕಡ್ಡಿ, ಎಲೆ ನೋಡಿ. ಅವು ಶಾರ್ಪ್ ಇದ್ದರೆ ಫೋಕಸ್ ಅಲ್ಲಿಗೆ ಕೂತಿದೆ. ಯಾವುದೂ ಶಾರ್ಪ್ ಇಲ್ಲದೆ ಎಲ್ಲ ಗೆರೆಯೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅಲುಗಿದ್ದು ದೋಣಿ, ಇಲ್ಲವೇ ಕ್ಯಾಮೆರಾ ಹಿಡಿದ ಕೈ.